ಹರಾಜಲ್ಲಿ ತಗೊಂಡ ಹೇಮಾವತಿ ಕಲ್ಲಿನ ತಳ ಕೊಯ್ದಿದ್ದಾರೆ. ಇದು ಮೋಸವಾ, ಮಾಮೂಲಾ?

ಹಳ್ಳದದಂಡೆ, ಚಿಕ್ಕಮಗಳೂರು
ಭಾನುವಾರ ರಾತ್ರಿ 10:20

ಬಂದವರಿಗೆ ಗೊತ್ತು, ಬಾರದವರಿಗೆ ಹೇಳ್ತೀನಿ. ಇವತ್ತು ನಮ್ಮ ಬೋನ್ಸಾಯ್ ಬಳಗದ ವರ್ಷದ ಹರಾಜು. ಛತ್ರದ ಊಟದ ಹಾಲಲ್ಲಿ ಗಿಡ, ಪಕ್ಕದ ಹೆಣ್ಣಿನ ಕಡೆಯವರ ರೂಮಲ್ಲಿ ಕಲ್ಲು, ಅಂದ್ರೆ ಬೆಟ್ಟ, ಜಲಪಾತದ ಹಾಗೆ ಕಾಣೋ ಕಲ್ಲನ್ನ ಚೆಂದಕ್ಕೆ ಇಟ್ಟು ನೋಡೋದು. ಕಲ್ಲು ಇಡೋಕೆ ಶುರು ಮಾಡಿ ಇದು ಎರಡನೇ ವರ್ಷ. ಹೋದ ಸಲ ಒಂದು ಮೇಜು ತುಂಬಿರಲಿಲ್ಲ. ಈ ಸಲ ಮೂರು ಮೇಜು, ಕಪ್ಪು ಬಟ್ಟೆ, ಲೈಟು, ಎಲ್ಲ ಜೋರು. ಜಪಾನಿನವರು ಕಲ್ಲಿಡೋಕೆ ಸುಯಿಬಾನ್ ಅಂತ ಅಗಲದ ತಟ್ಟೆ ಬಳಸ್ತಾರಂತೆ, ನಮ್ಮಲ್ಲಿ ಯಾರ ಹತ್ರಾನೂ ಅದಿಲ್ಲ. ಹಿತ್ತಾಳೆ ಹರಿವಾಣಕ್ಕೆ ಜರಡಿ ಹಿಡಿದ ಮರಳು ಹರಡಿ ನೀರು ಚಿಮುಕಿಸಿದ್ರು. ಸತ್ಯವಾಗ್ಲೂ ಚೆನ್ನಾಗೇ ಕಾಣ್ತಿತ್ತು.

ಗಮ್ಮತ್ತು ಆಗಿದ್ದು ಹನ್ನೊಂದೂವರೆಗೆ. ವಯಸ್ಸಾದ ಅಮ್ಮ ಒಬ್ಬರು, ಮೊಮ್ಮಗಳ ಕೈ ಹಿಡ್ಕೊಂಡು ಬಂದವರು, ನೆಟ್ಟಗೆ ನಿಲ್ಲಿಸಿದ್ದ ಒಂದು ಕರಿ ಕಲ್ಲಿನ ಎದುರು ನಿಂತ್ರು. ಚಪ್ಪಲಿ ಬಿಟ್ರು. ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ನಾಣ್ಯ ತೆಗೆದು ಮರಳಿನ ಮೇಲಿಟ್ಟು, ಮುಡಿಯಲ್ಲಿದ್ದ ಸೇವಂತಿಗೆ ಕಿತ್ತು ಕಲ್ಲಿನ ತಲೆ ಮೇಲಿಟ್ಟು ಕೈಮುಗಿದ್ರು. ‘ಮುಟ್ಟಬಾರದು’ ಅನ್ನೋ ಬೋರ್ಡು ಅಲ್ಲೇ ಇತ್ತು. ಹೇಳೋ ಧೈರ್ಯ ನಮ್ಮ ಯಾವ ಹುಡುಗನಿಗೂ ಬರಲಿಲ್ಲ. ಸಂಜೆ ಹೊತ್ತಿಗೆ ಆ ಹರಿವಾಣದಲ್ಲಿ ಎಂಬತ್ತೇಳು ರೂಪಾಯಿ!

ಈಗ ನನ್ನ ಗೋಳು. ನಾನು ಹೋಗಿದ್ದು ಒಂದು ಬಸರಿ ಗಿಡಕ್ಕೆ. ಹಳೇ ಮೋರಿ ಗೋಡೆಯಿಂದ ಎಬ್ಬಿಸಿದ್ದು, ಬೇರುಗಳೆಲ್ಲ ಕೋಳಿ ಕಾಲಿನ ಹಾಗೆ ಹರಡಿದ್ವು. ಅದು ಕೈ ತಪ್ಪಿತು. ಅದೇ ಸಿಟ್ಟಲ್ಲಿ ಕೂತಿದ್ದಾಗ ಒಂದು ಕಲ್ಲು ಬಂತು. ಗೇಣುದ್ದ, ಕಪ್ಪು, ಎಡಕ್ಕೊಂದು ಎತ್ತರದ ನೆತ್ತಿ, ಬಲಕ್ಕೆ ಇಳಿಜಾರು. ನಮ್ಮೂರಿಂದ ನೋಡಿದ್ರೆ ಮುಳ್ಳಯ್ಯನಗಿರಿ ಸಾಲು ಕಾಣುತ್ತಲ್ಲ, ಹಾಗೆ. ನೆತ್ತಿಯಿಂದ ಬುಡದ ತನಕ ಬೆಳ್ಳನೆ ಗೆರೆ, ಥೇಟ್ ಜಲಪಾತ. ಮೈಕಿನವರು ‘ಹೇಮಾವತಿ ಕಲ್ಲು, ಅಸಲಿ’ ಅಂದ್ರು. ಐನೂರಕ್ಕೆ ಶುರುವಾದ ಸವಾಲು ನನ್ನ ಮತ್ತು ಹಿಂದಿನ ಸಾಲಿನವರೊಬ್ಬರ ಜಿದ್ದಲ್ಲಿ 4,200ಕ್ಕೆ ನಿಂತಿತು.

ಮನೆಗೆ ತಂದು ತೊಳೆಯೋಣ ಅಂತ ಮರದ ಪೀಠದಿಂದ ಎತ್ತಿದ್ರೆ ತಳ ಅಡುಗೆಮನೆ ಕಟ್ಟೆಯಷ್ಟು ಸಮ. ಬಿಲ್ಲಿನ ಹಾಗೆ ಬಾಗಿದ ಗರಗಸದ ಗೀರು ಬೆರಳಿಗೇ ಸಿಗ್ತವೆ. ನಮ್ಮನೆಯವರು ನೋಡಿ ‘ಇದಕ್ಕೆ ಹೇಮಾವತಿ ತನಕ ಯಾಕೆ ಹೋಗಬೇಕಿತ್ತು, ಗ್ರಾನೈಟ್ ಅಂಗಡಿ ನಮ್ಮ ರಸ್ತೇಲೇ ಇದೆ’ ಅಂದ್ಬಿಟ್ರು. ತಿಳಿದವರು ಹೇಳಿ. ಕಲ್ಲು ಕೊಯ್ಯೋದು ಈ ಕಲೆಯಲ್ಲಿ ಒಪ್ಪೋ ಮಾತಾ?

ರೂಪಾಯಿಗೆರಡು, ಹಾಸನ

ಅಣ್ಣಾ, 4,200ಕ್ಕೆ ಜಲ್ಲಿ ಹೊಡ್ಸಿದ್ರೆ ಮನೆ ಮುಂದೆ ಪರ್ವತಾನೇ ಆಗೋದು ಕಣಣ್ಣ. ಇರ್ಲಿ ಬುಡಿ. ಫೋಟೋ ಹಾಕಿ, ತಳದ್ದೂ ಹಾಕಿ.

ನಿವೃತ್ತ ಮೇಷ್ಟ್ರು, ಹಾಸನ
ಸೋಮವಾರ ಬೆಳಿಗ್ಗೆ 6:05

ಮೂವತ್ತು ವರ್ಷ ಭೂವಿಜ್ಞಾನ ಪಾಠ ಮಾಡಿದವನು, ಕಲ್ಲಿನ ವಿಷಯಕ್ಕೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಫೋಟೋ ನೋಡಿದೆ. ಕಪ್ಪು ಭಾಗ ಆಂಫಿಬೊಲೈಟ್ ಎಂಬ ಕರಿ ಶಿಲೆ ಇರಬೇಕು, ಬಿಳಿ ಗೆರೆ ಬೆಣಚು. ಹೇಮಾವತಿ ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ ಹುಟ್ಟಿ ಸಕಲೇಶಪುರ, ಗೊರೂರು ದಾಟಿ ಕಾವೇರಿ ಸೇರುವ ಹೊಳೆ. ಅದರ ದಾರಿಯಲ್ಲಿ ಇಂಥ ಕಲ್ಲು ಸಿಗುವುದು ಸಹಜ. ಗೊರೂರು ಸುತ್ತಿನ ‘ನೈಸ್’ ಎಂಬ ಪಟ್ಟೆ ಶಿಲೆಗೆ 300 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಆದ್ದರಿಂದ ‘ಹಳೇ ಮಾಲು’ ಎಂಬುದರಲ್ಲಂತೂ ನಿಮಗೆ ಮೋಸವಾಗಿಲ್ಲ.

ಇನ್ನು ಕೊಯ್ದ ವಿಷಯ. ಕಲ್ಲನ್ನು ಕಲ್ಲಾಗಿಯೇ ನೋಡುವ ಈ ಪದ್ಧತಿ ಚೀನಾದಿಂದ ಬಂದದ್ದು. ಅಲ್ಲಿನ ಸುಂಗ್ ರಾಜವಂಶದ ಕಾಲದಲ್ಲಿ ಮಿ ಫು ಎಂಬ ಚಿತ್ರಕಾರ ಇದ್ದ, 1051ರಿಂದ 1107. ಸರ್ಕಾರಿ ಕೆಲಸಕ್ಕೆ ಹಾಜರಾಗಲು ಹೋದವನು ಅಂಗಳದಲ್ಲಿದ್ದ ಬಂಡೆಗೆ ಮೊದಲು ನಮಸ್ಕಾರ ಮಾಡಿ ‘ಅಣ್ಣ’ ಎಂದು ಕರೆದನಂತೆ. ಸೇವಂತಿಗೆ ಇಟ್ಟ ಆ ತಾಯಿ ಅವನ ತಂಗಿ ಎಂದುಕೊಳ್ಳಿ. ಚೀನಾದವರಿಗೆ ಕಲ್ಲು ತೆಳ್ಳಗಿರಬೇಕು, ಸುಕ್ಕಿರಬೇಕು, ತೂತು, ಓಣಿ ಇರಬೇಕು. ಜಪಾನಿನವರು ಇದನ್ನೇ ಸುಯಿಸೆಕಿ ಎಂದು ಬೆಳೆಸಿದರು, ಅವರ ರುಚಿ ಬೇರೆ: ಅಂಗೈ ಮೇಲಿನ ಕಲ್ಲಿನಲ್ಲಿ ದೂರದ ಬೆಟ್ಟ ಕಾಣಬೇಕು. ಅಂಥದ್ದಕ್ಕೆ ತೋಯಾಮ-ಇಶಿ ಎನ್ನುತ್ತಾರೆ. ಬಿಳಿ ಗೆರೆ ಇಳಿದಿದ್ದರೆ ತಾಕಿ-ಇಶಿ, ಜಲಪಾತದ ಕಲ್ಲು. ನಿಮ್ಮದು ಎರಡೂ ಹೌದು. ಬೋನ್ಸಾಯ್ ಜೊತೆ ಕಲ್ಲು ಇಡುವುದು ಅಲ್ಲಿ ಹಳೆಯ ರೂಢಿ. 1976ರಲ್ಲಿ ಜಪಾನ್ ಅಮೆರಿಕಕ್ಕೆ 53 ಬೋನ್ಸಾಯ್ ಉಡುಗೊರೆ ಕೊಟ್ಟಾಗ ಜೊತೆಗೆ 6 ಕಲ್ಲುಗಳೂ ಹೋದವು.

ಕೊಯ್ಯದ ಕಲ್ಲಿಗೇ ಮೇಲ್ಪಂಕ್ತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಪಾನಿನಲ್ಲೇ ತಳ ಕೊಯ್ದ ಕಲ್ಲುಗಳು ಬೇಕಾದಷ್ಟಿವೆ, ಪ್ರದರ್ಶನಕ್ಕೂ ಬರುತ್ತವೆ, ಅವುಗಳ ಬಗ್ಗೆ ಅಲ್ಲಿಯೂ ಜಗಳ ನಿಂತಿಲ್ಲ. ಹೊಳೆಯಲ್ಲಿ ಬಿದ್ದ ಬೆಟ್ಟಕ್ಕೆ ಸಮತಳ ಯಾರು ಮಾಡಿಕೊಡುತ್ತಾರೆ ಹೇಳಿ? ಕೊಯ್ದದ್ದನ್ನು ಮಾರುವಾಗ ಹೇಳಬೇಕು, ಅಷ್ಟೆ. ಹೇಳದಿದ್ದರೆ ತಪ್ಪು.

ಮುಂದಿನ ಸಲ ಕೊಳ್ಳುವ ಮುಂಚೆ ಕಲ್ಲನ್ನು ಒದ್ದೆ ಮಾಡಿ, ಟಾರ್ಚನ್ನು ಓರೆಯಾಗಿ ಬಿಡಿ. ಹೊಳೆ ಉಜ್ಜಿದ ಅಂಚು ದುಂಡಗೆ ಒಳಕ್ಕೆ ಹೊರಳುತ್ತದೆ, ಗರಗಸದ ಅಂಚು ಉಗುರಿಗೆ ತಾಕುತ್ತದೆ. ತಳದ ಬಣ್ಣವೂ ಎಳೆಯದಾಗಿರುತ್ತದೆ.

ಉಳಿಮುಟ್ಟದವ, ಬೇಲೂರು

ಮೇಷ್ಟ್ರೇ, ಗೌರವದಿಂದಲೇ ಹೇಳ್ತೀನಿ, ಒಪ್ಪಲ್ಲ. ನಮ್ಮೂರಲ್ಲಿ ಕಲ್ಲು ಕೆತ್ತೋದು ಹೇಗೆ ಅಂತ ಯಾರೂ ನಮಗೆ ಹೇಳಿಕೊಡಬೇಕಾಗಿಲ್ಲ. ಬಳಪದ ಕಲ್ಲಲ್ಲಿ ಮದನಿಕೆಯ ಬಳೆ ತಿರುಗೋ ಹಾಗೆ ಕೆತ್ತಿದವರ ಊರು. ಉಳಿ ಹಾಕಿದ ಕಲ್ಲು ಬೇಕು ಅಂದ್ರೆ ದೇವಸ್ಥಾನಕ್ಕೆ ಬನ್ನಿ, 2023ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲೂ ಇದೆ. ಈ ಮೇಜಿನ ಮೇಲೆ ಇಡೋ ಕಲ್ಲಿನ ಬೆಲೆ ಇರೋದೇ ಯಾರೂ ಮುಟ್ಟಿಲ್ಲ ಅನ್ನೋದರಲ್ಲಿ. ಕೊಯ್ದ ಮೇಲೆ ಅದು ಅರ್ಧ ಶಿಲ್ಪ, ಅರ್ಧ ಕಲ್ಲು. ಎರಡಕ್ಕೂ ಸಲ್ಲಲ್ಲ.

ಇನ್ನೊಂದು. ಮೂರನೇ ಮೇಜಲ್ಲಿ ಬಳಪದ ಕಲ್ಲಿನ ಒಂದು ತುಂಡಿತ್ತು, ಮೂಲೆಯಲ್ಲಿ ಮಣಿಸಾಲಿನ ಕೆತ್ತನೆ. ಹೊಲದಲ್ಲಿ ಸಿಕ್ತು ಅಂದ್ರು. ಅದನ್ನ ಯಾಕೆ ಇಡೋಕೆ ಬಿಟ್ರಿ?

ಬಳಗದ ಕಡೆಯಿಂದ, ಚಿಕ್ಕಮಗಳೂರು

ಅದನ್ನು ಹತ್ತು ಗಂಟೆಗೇ ತೆಗೆಸಿದ್ದೇವೆ ಸಾರ್. ನೂರು ವರ್ಷ ದಾಟಿದ ಕೆತ್ತನೆ ಪುರಾವಸ್ತು ಆಗುತ್ತೆ, ಇಟ್ಟುಕೊಳ್ಳೋಕೂ ಮಾರೋಕೂ ಕಾನೂನಿದೆ ಅಂತ ತಂದವರಿಗೆ ತಿಳಿಸಿ ಕಳಿಸಿದೆವು. ಪಾಪ, ಅವರಿಗೆ ಗೊತ್ತಿರಲಿಲ್ಲ. ನೀವು ಒಂಬತ್ತೂವರೆಗೇ ಬಂದಿದ್ರಿ ಅನ್ಸುತ್ತೆ.

ಕೊಪ್ಪದಕ್ಕ

ನೀವೆಲ್ಲ ಎಂತ ಮಾರಾಯ್ರೆ, ಒಂದು ಕಲ್ಲಿಗೆ ಇಷ್ಟು ಜಗಳ! ಈ ಜಪಾನಿನವರ ಯೋಸೆಕಿ ಅಂದ್ರೆ ಎಂತ ಅಂತ ಕಲ್ಲಿನ ರೂಮಲ್ಲಿ ಒಬ್ಬ ಹುಡುಗ ವಿವರಿಸ್ತಿದ್ದ. ಕಲ್ಲನ್ನ ಬಿಸಿಲಿಗಿಟ್ಟು, ದಿನಾ ನೀರು ಹಾಕಿ, ಕೈಯಿಂದ ಸವರಿ ಸವರಿ ವರ್ಷಗಟ್ಟಲೆ ಬಣ್ಣ ಕಟ್ಟಿಸೋದಂತೆ. ನಾನು ಹೇಳಿದೆ, ನಮ್ಮನೆ ರುಬ್ಬುಗುಂಡು ನೋಡೋಕೆ ಬಾ ಅಂತ. ಅತ್ತೆಯ ಅತ್ತೆ ಕಾಲದಿಂದ ಯೋಸೆಕಿ ಆಗ್ತಾ ಇದೆ, ದೋಸೆ ಹಿಟ್ಟಿನ ಸಮೇತ.

ನಮ್ಮ ಮಾವನವರ ಪಂಚಾಯತನ ಪೂಜೆಯ ಪೆಟ್ಟಿಗೆಯಲ್ಲೂ ಐದು ಕಲ್ಲೇ ಇರೋದು. ಗಂಡಕಿಯ ಸಾಲಿಗ್ರಾಮ, ನರ್ಮದೆಯ ಬಾಣಲಿಂಗ, ಶೋಣ ನದಿಯ ಕೆಂಪು ಕಲ್ಲು ಗಣಪತಿಗೆ, ಸ್ವರ್ಣಮುಖಿಯದ್ದು ಅಮ್ಮನವರಿಗೆ, ಸೂರ್ಯನಿಗೆ ಸ್ಫಟಿಕ. ಮುಖ ಕೆತ್ತಿದ್ದು ಒಂದೂ ಇಲ್ಲ. ಹೊಳೆ ಉಜ್ಜಿ ಕೊಟ್ಟ ಹಾಗೇ ಇಟ್ಟು ನೀರು ಹಾಕ್ತಾರೆ. ಆ ಅಜ್ಜಿ ಮಾಡಿದ್ದು ಸರಿಯಾಗೇ ಇದೆ. ನಿಮ್ಮ ಬೋರ್ಡೇ ಹೆಚ್ಚು.

ಕಾಫಿಬೊಡ್ಡೆ, ಮೂಡಿಗೆರೆ

ಕಲ್ಲಿನ ಮಧ್ಯೆ ನನ್ನದೊಂದು ಗಿಡದ ಪ್ರಶ್ನೆ, ಹೊಸ ಚರ್ಚೆ ಶುರು ಮಾಡೋಕೆ ಹೋಗಲ್ಲ. ಅದೇ ಹರಾಜಲ್ಲಿ ಅರೇಬಿಕಾ ಕಾಫಿ ಬೊಡ್ಡೆಯ ಬೋನ್ಸಾಯ್ ತಗೊಂಡೆ. ನಲವತ್ತು ವರ್ಷದ ಗಿಡ ಅಂದ್ರು, ಮೊಣಕಾಲೆತ್ತರಕ್ಕೆ ಕಡಿದು ಚಿಗುರು ಬರಿಸಿದ್ದಾರೆ. ಎಲ್ಲರೂ ಇಂಥ ಬೊಡ್ಡೇನ ಗಾಜು ಹಾಕಿ ಟೀಪಾಯಿ ಮಾಡ್ತಾರೆ, ಇವರು ಜೀವ ಉಳಿಸಿದ್ದಾರಲ್ಲ ಅಂತ ಖುಷಿಯಾಯ್ತು. ಮನೇಲಿ ನೋಡಿದ್ರೆ ಕಾಂಡದ ಮೇಲೆ ಸುತ್ತ ಹಗ್ಗ ಬಿಗಿದು ಬಿಟ್ಟ ಹಾಗೆ ಉಬ್ಬು ಗೆರೆಗಳು. ಒಂದು ಕಡೆ ಎಲೆ ಹಳದಿ. ಗಿಡ ಬಗ್ಗಿಸೋಕೆ ಸುತ್ತೋ ತಂತಿ ಗುರುತಾ ಇದು?

ನೆರಳುಮರ, ಬಾಳೆಹೊನ್ನೂರು ಹತ್ತಿರ

ತಂತಿ ಗುರುತಲ್ಲ ಮಾರಾಯ್ರೆ, ಬೋರರ್! ಬಿಳಿ ಕಾಂಡಕೊರಕ. ತೋಟ ಮಾಡೋರಿಗೆ ಆ ಉಬ್ಬು ಕಂಡರೆ ಹೊಟ್ಟೆಯಲ್ಲಿ ಸಂಕಟ ಆಗ್ತದೆ. ಹುಳ ಒಳಗೆ ಸುರಂಗ ಕೊರೀತಾ ಹೋದ ಹಾಗೆ ಹೊರಗೆ ತೊಗಟೆ ಹಾಗೆ ಏಳ್ತದೆ. ಉಗುರಿಂದ ಉಬ್ಬಿನ ಮೇಲೆ ಕೆರೆದು ನೋಡಿ, ಒಳಗೆ ಹಿಟ್ಟು ಒತ್ತಿ ತುಂಬಿದ ಹಾಗೆ ಪುಡಿ ಇದ್ರೆ ಗ್ಯಾರಂಟಿ.

ದುಂಬಿ ಹೊರಗೆ ಬರೋದು ಏಪ್ರಿಲ್-ಮೇ, ಆಮೇಲೆ ಅಕ್ಟೋಬರಿಂದ ಡಿಸೆಂಬರ್. ಅಂದ್ರೆ ನಿಮಗೆ ಟೈಮಿಲ್ಲ. ನಮ್ಮಲ್ಲಿ ಹಾಗಿರೋ ಗಿಡ ಕಿತ್ತು ಸುಡೋದೇ ಪದ್ಧತಿ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರು ಹೇಳ್ತಾ ಬಂದಿರೋದೂ ಅದೇ. ಕುಂಡದಲ್ಲಿ ಮುದ್ದಾಗಿದೆ ಅಂತ ಬಿಟ್ರೆ ನಿಮ್ಮ ಪಕ್ಕದ ತೋಟದ ಅರೇಬಿಕಾಕ್ಕೆ ನೀವೇ ಹುಳ ಕೊಟ್ಟ ಹಾಗೆ. ರೊಬಸ್ಟಾಗೆ ಇದರ ಕಾಟ ಇಲ್ಲ, ಮುಂದೆ ಕಾಫಿ ಬೋನ್ಸಾಯ್ ಬೇಕು ಅಂದ್ರೆ ರೊಬಸ್ಟಾ ಬೊಡ್ಡೆ ಹುಡುಕಿ. ಎಲೆ ದೊಡ್ಡದು, ಎಷ್ಟು ಚಿವುಟಿದ್ರೂ ತೀರಾ ಸಣ್ಣ ಆಗಲ್ಲ. ಆದ್ರೆ ಜನವರಿಯಿಂದ ನೀರು ಕಮ್ಮಿ ಮಾಡಿ ಗಿಡ ಸ್ವಲ್ಪ ಬಾಡಿಸಿ, ಮಾರ್ಚ್ ಹೊತ್ತಿಗೆ ಒಮ್ಮೆ ಚೆನ್ನಾಗಿ ನೆನೆಸಿದ್ರೆ ಎಂಟು ಹತ್ತು ದಿನಕ್ಕೆ ಮಲ್ಲಿಗೆ ಸುರಿದ ಹಾಗೆ ಹೂ. ಕಾಫಿ ಹೂ ಅರಳಿಸೋ ಹೂಮಳೆಯನ್ನ ನಾವೇ ಬಿಂದಿಗೆಯಲ್ಲಿ ಹುಯ್ಯೋದು, ಅಷ್ಟೆ.

ಕಾಫಿಬೊಡ್ಡೆ, ಮೂಡಿಗೆರೆ

ಕೆರೆದೆ. ಪುಡಿ ಇದೆ. ಒಂದು ಬಿಳಿ ಹುಳಾನೂ ಇತ್ತು. 2,600 ಕೊಟ್ಟಿದ್ದೆ. ಈಗ ಬಚ್ಚಲೊಲೆಗೆ ಹಾಕಿ ಬಂದೆ. ಕುಂಡ ಒಂದು ಉಳೀತು.

ರೂಪಾಯಿಗೆರಡು, ಹಾಸನ

ಅಷ್ಟು ದುಬಾರಿ ಬಿಸಿನೀರು ಯಾರೂ ಸ್ನಾನ ಮಾಡಿರಲ್ಲ ಬುಡಿ ಅಣ್ಣ.

ಬಳಗದ ಕಡೆಯಿಂದ, ಚಿಕ್ಕಮಗಳೂರು

ಕಾಫಿಬೊಡ್ಡೆಯವರೇ, ನಿಮ್ಮ ದುಡ್ಡು ವಾಪಸ್ ಬರುತ್ತೆ. ಮಾರಿದವರ ಜೊತೆ ಮಾತಾಡಿದೆವು, ಅವರಿಗೂ ತಿಳಿದಿರಲಿಲ್ಲ. ನಮ್ಮ 20 ಪರ್ಸೆಂಟ್ ಪಾಲೂ ಬಿಟ್ಟುಕೊಡ್ತೇವೆ. ಮುಂದಿನ ವರ್ಷದಿಂದ ಅರೇಬಿಕಾ ಬಂದ್ರೆ ತೋಟದವರೊಬ್ಬರು ನೋಡಿದ ಮೇಲೇ ಹಾಲಿನೊಳಗೆ.

ಕಲ್ಲಿನ ವಿಷಯಕ್ಕೂ ಹೇಳಿಬಿಡ್ತೀನಿ. ನಮ್ಮ ಫಾರಂನಲ್ಲಿ ಗಿಡದ ಜಾತಿ, ವಯಸ್ಸು, ಕನಿಷ್ಠ ಬೆಲೆ ಬರೆಯೋಕೆ ಜಾಗ ಇತ್ತು. ಕಲ್ಲಿಗೆ ಬೇರೆ ಫಾರಂ ಮಾಡಲೇ ಇಲ್ಲ, ಹಾಗಾಗಿ ಕಲ್ಲಿನವರೂ ‘ವಯಸ್ಸು’ ಅಂತ ಇರೋ ಕಡೆ ಏನೇನೋ ಬರೆದಿದ್ದಾರೆ. ಒಬ್ಬರು ‘ಗೊತ್ತಿಲ್ಲ, ತುಂಬಾ’ ಅಂತ ಬರೆದಿದ್ದಾರೆ. ಸವಾಲು ಕೂಗಿದವರು ಗಣಪತಿ ಹಬ್ಬದಲ್ಲಿ ತೆಂಗಿನಕಾಯಿ, ಹಣ್ಣಿನ ಬುಟ್ಟಿ ಸವಾಲು ಕೂಗಿ ಪಳಗಿದವರು. ಅಲ್ಲಿ ‘ಅಸಲಿ’ ಅಂದ್ರೆ ದೇವರ ಮುಂದಿಟ್ಟದ್ದು ಅಂತ ಅರ್ಥ. ಅದೇ ಅಭ್ಯಾಸದಲ್ಲಿ ಬಾಯಿಗೆ ಬಂದಿದೆ.

ಲೆಕ್ಕದಹುಡುಗ, ಹಾಸನ

ಕೂಗೋ ಹರಾಜನ್ನೇ ಬಿಟ್ಟು ಚೀಟಿ ಹರಾಜು ಮಾಡಿ. ಎಲ್ಲರೂ ಮುಚ್ಚಿದ ಚೀಟಿಯಲ್ಲಿ ಬೆಲೆ ಬರೀಬೇಕು. ಹೆಚ್ಚು ಬರೆದವರಿಗೆ ಮಾಲು, ಕೊಡೋದು ಮಾತ್ರ ಎರಡನೆಯವರು ಬರೆದಷ್ಟು. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲೇ ಇದನ್ನ ಲೆಕ್ಕ ಹಾಕಿ ತೋರಿಸಿದ್ದಾರೆ, 1996ರಲ್ಲಿ ನೊಬೆಲ್ ಬಂತು. ಹಾಗೆ ಮಾಡಿದ್ರೆ ಬಸರಿ ತಪ್ಪಿದ ಸಿಟ್ಟಲ್ಲಿ ಕಲ್ಲು ಕೊಳ್ಳೋದು ತಪ್ಪುತ್ತೆ.

ಕೊಪ್ಪದಕ್ಕ

ನೊಬೆಲ್ ಬಂದಿರ್ಲಿ ಮಾರಾಯ್ರೆ, ‘ಒಂದು ಸರ್ತಿ, ಎರಡು ಸರ್ತಿ’ ಅಂತ ಕೂಗ್ದೆ ಇದ್ರೆ ಆ ಬಿಸಿಲಲ್ಲಿ ಬಸ್ಸು ಹತ್ತಿ ಯಾರು ಬರ್ತಾರೆ?

ಕಾಡುದಾರಿ, ಚಿಕ್ಕಮಗಳೂರು

ಯಾರೂ ಕೇಳದ ಪ್ರಶ್ನೆ ಕೇಳ್ತೀನಿ, ಬೈಬೇಡಿ. ಈ ಕಲ್ಲುಗಳೆಲ್ಲ ಬಂದಿದ್ದು ಎಲ್ಲಿಂದ? ಎರಡನೇ ಮೇಜಲ್ಲಿ ಕೆಂಪು-ಕಪ್ಪು ಪಟ್ಟೆಯ ಕಬ್ಬಿಣದ ಕಲ್ಲು ನೋಡಿದೆ. ಬಹಳ ಚೆಂದದ ಕಲ್ಲು, ಇಡೀ ಪ್ರದರ್ಶನದಲ್ಲಿ ನನ್ನ ಕಣ್ಣು ನಿಂತಿದ್ದು ಅದರ ಮೇಲೇ. ಆದ್ರೆ ಅದು ಬಾಬಾಬುಡನ್‌ಗಿರಿ, ಕುದುರೆಮುಖದ ಕಡೆ ಸಿಗೋ ಮಾಲು. 1963ರ ಕರ್ನಾಟಕ ಅರಣ್ಯ ಕಾಯ್ದೆ ಪ್ರಕಾರ ಕಾಡಿನೊಳಗಿನ ಕಲ್ಲು, ಮೇಲ್ಮಣ್ಣು ಕೂಡ ಅರಣ್ಯ ಉತ್ಪನ್ನವೇ. ಭದ್ರಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಂತೂ ಒಂದು ಗೋಲಿ ಕಲ್ಲನ್ನೂ ಜೇಬಿಗೆ ಹಾಕೋ ಹಾಗಿಲ್ಲ. ಗಿಡದ ವಿಷಯದಲ್ಲಿ ನಾವು ಎಷ್ಟೋ ವಾಸಿ. ಹಳೇ ಗೋಡೆ, ಮೋರಿ, ಬಾವಿಕಟ್ಟೆ ಮೇಲಿನ ಆಲ-ಅರಳಿ ಎಬ್ಬಿಸ್ತೀವಿ, ಕಾಡಿಗೆ ಕೈ ಹಾಕಲ್ಲ. ಕಲ್ಲಿಗೂ ಹಾಗೇ ಇರಲಿ.

ನಿವೃತ್ತ ಮೇಷ್ಟ್ರು, ಹಾಸನ

ಕಾಡುದಾರಿಯವರ ಮಾತು ನೂರಕ್ಕೆ ನೂರು. ಆ ಪಟ್ಟೆ ಕಲ್ಲು ನನ್ನದೇ. ರಸ್ತೆ ಕೆಲಸಕ್ಕೆ ಗುತ್ತಿಗೆದಾರರು ಸುರಿದಿದ್ದ ರಾಶಿಯಲ್ಲಿ ಸಿಕ್ಕಿದ್ದು, ಕೇಳಿಯೇ ತಂದೆ. ಆದರೆ ಚೀಟಿಯಲ್ಲಿ ಅದನ್ನು ಬರೆಯಲಿಲ್ಲ. ಕೊಯ್ದದ್ದನ್ನು ಹೇಳಬೇಕು ಎಂದು ಮೇಲೆ ಉಪದೇಶ ಮಾಡಿದವನು ನಾನೇ.

ಹೊಳೆಸಾಲು, ಸಕಲೇಶಪುರ
ಮಂಗಳವಾರ ಸಂಜೆ 7:45

ನಮಸ್ಕಾರ. ಇಷ್ಟು ಹೊತ್ತು ಓದ್ತಾ ಕೂತಿದ್ದೆ, ಇನ್ನು ಸುಮ್ಮನಿದ್ರೆ ತಪ್ಪಾಗುತ್ತೆ. ಆ ಕಲ್ಲು ಮಾರಿದ್ದು ನಾನು, ಕೊಯ್ಸಿದ್ದೂ ನಾನೇ.

ನಮ್ಮ ತೋಟದ ಹಳ್ಳ ಹೇಮಾವತಿಗೆ ಸೇರುತ್ತೆ, ಕಲ್ಲು ಸಿಕ್ಕಿದ್ದು ನಮ್ಮ ಜಾಗದಲ್ಲೇ. ಸಿಕ್ಕಾಗ ಅದು ಬೆಟ್ಟ ಅಲ್ಲ, ಹಲಸಿನಕಾಯಿ ಇದ್ದ ಹಾಗಿತ್ತು, ಎಲ್ಲಿಟ್ರೂ ಉರುಳೋದು. ಮನೇಲಿ ಅಡುಗೆ ಕಟ್ಟೆಗೆ ಗ್ರಾನೈಟ್ ಹಾಕೋಕೆ ಬಂದ ಹುಡುಗನಿಗೆ ತೋರಿಸಿದೆ. ‘ಕೊಡಿ ಅಣ್ಣ’ ಅಂದವನೇ ಎರಡು ಕಡೆಯಿಂದ ಕಟ್ಟರ್ ಹಿಡಿದು ಬುಡ ಹಾರಿಸಿಬಿಟ್ಟ. ಮೇಲಿನ ಅರ್ಧ ನಿಲ್ಲಿಸಿದ್ರೆ ಬೆಟ್ಟ! ನನಗೇ ನಂಬೋಕಾಗಲಿಲ್ಲ.

ಪೀಠ ಮಾತ್ರ ಮೋಸದ್ದಲ್ಲ. ಹಲಸಿನ ಹಲಗೆ, ನಮ್ಮೂರಿನ ಆಚಾರ್ರ ಕೈಕೆಲಸ. ಕಲ್ಲಿನ ಬುಡಕ್ಕೆ ಎಣ್ಣೇಲಿ ಕಲಸಿದ ಕುಂಕುಮ ಹಚ್ಚಿ ಹಲಗೆ ಮೇಲೆ ಕೂರಿಸ್ತಿದ್ರು, ಎತ್ತಿದಾಗ ಕೆಂಪು ಅಂಟಿದ ಕಡೆಯಷ್ಟೇ ಚಾಣದಿಂದ ಒಂದು ಎಳೆ ತೆಗೀತಿದ್ರು. ಮತ್ತೆ ಕೂರಿಸೋದು, ಮತ್ತೆ ಎತ್ತೋದು. ಇಡೀ ಅಂಚಿಗೆ ಒಂದೇ ಸಮ ಕೆಂಪು ಹತ್ತೋ ತನಕ ಎರಡು ದಿನ ಹಿಡೀತು. ಅದಕ್ಕೇ ಯಾರಿಗೂ ಸಂದು ಕಾಣಲಿಲ್ಲ.

ಕೊಯ್ದಿದ್ದನ್ನ ಮೈಕಿನವರ ಕಿವೀಲಿ ಹೇಳಿದ್ದೆ. ಆ ಗಲಾಟೇಲಿ ಕೇಳಿಸ್ತೋ ಇಲ್ವೋ. ಸವಾಲು ಏರ್ತಾ ಹೋದಾಗ ಎದ್ದು ನಿಂತು ಹೇಳಬೇಕಿತ್ತು, ಹೇಳಲಿಲ್ಲ. ಎರಡು ಸಾವಿರ ದಾಟಿದ ಮೇಲೆ ನಾಲಿಗೆ ಏಳಲಿಲ್ಲ, ಸತ್ಯ. ಹಳ್ಳದದಂಡೆಯವರೇ, ದುಡ್ಡು ವಾಪಸ್ ತಗೊಳ್ಳಿ, ಇಲ್ಲ ಅರ್ಧ ತಗೊಳ್ಳಿ. ನಿಮ್ಮಿಷ್ಟ.

ಉಳಿಮುಟ್ಟದವ, ಬೇಲೂರು

ಕೆಳಗಿನ ತುಂಡು ಏನಾಯ್ತು?

ಹೊಳೆಸಾಲು, ಸಕಲೇಶಪುರ

ಅಮ್ಮನ ಹತ್ರ ಇದೆ. ಮಿಡಿ ಉಪ್ಪಲ್ಲಿ ಹಾಕಿದಾಗ ಭಾರಕ್ಕೆ ಇಡ್ತಾರೆ. ಒಂದು ಕಡೆ ಸಮ, ಒಂದು ಕಡೆ ಗುಂಡು, ಭರಣಿಗೆ ಹೇಳಿ ಮಾಡ್ಸಿದ ಹಾಗಿದೆ.

ಹಳ್ಳದದಂಡೆ, ಚಿಕ್ಕಮಗಳೂರು

ದುಡ್ಡು ಬೇಡ. ಆ ತುಂಡು ಕೊಡ್ತೀರಾ?

ಹಳ್ಳದದಂಡೆ, ಚಿಕ್ಕಮಗಳೂರು
ಮುಂದಿನ ಭಾನುವಾರ ಮಧ್ಯಾಹ್ನ

ಹೊಳೆಸಾಲಿನವರು ಸಂತೆಗೆ ಬಂದಾಗ ಮನೆಗೇ ತಂದುಕೊಟ್ರು, ಒಂದು ಡಬ್ಬಿ ಮಿಡಿ ಉಪ್ಪಿನಕಾಯಿ ಸಮೇತ. ತುಂಡನ್ನ ಎರಡು ಸಲ ಸೋಪಲ್ಲಿ ತೊಳೆದ್ರೂ ಇಂಗಿನ ವಾಸನೆ ಹೋಗಿಲ್ಲ. ಇಬ್ಬರೂ ಜಗುಲಿ ಮೇಲೆ ಕೂತು ಬೆಟ್ಟವನ್ನ ಅದರ ಬುಡದ ಮೇಲಿಟ್ಟು ತಿರುಗಿಸ್ತಾ ಹೊಂದಿಸಿದ್ವಿ. ಒಂದು ಕಡೆ ಟಕ್ ಅಂತ ಕೂತಿತು. ಬಿಳಿ ಗೆರೆ ಮೇಲಿಂದ ಇಳಿದು ಕೆಳಗಿನ ತುಂಡಲ್ಲೂ ಮುಂದುವರಿದು ಹಿಂಬದಿಗೆ ಹೊರಳಿಕೊಂಡಿದೆ. ಸಂದಿನ ಹತ್ರ ಮಾತ್ರ ಗೆರೆ ಒಂದು ನೂಲು ಪಕ್ಕಕ್ಕೆ ಜರುಗಿದೆ. ಕಟ್ಟರ್ ಬ್ಲೇಡು ತಿಂದ ಎರಡು ಮೂರು ಮಿಲಿಮೀಟರ್ ಅಲ್ಲಿಲ್ಲ. ಓರೆಯಾಗಿ ಇಳಿಯೋ ಗೆರೆ, ಅಷ್ಟು ಕಳೆದ ಮೇಲೆ ಹೇಗೆ ಕೂಡುತ್ತೆ?

ಮೇಷ್ಟ್ರೇ, ಫೋಟೋ ಹಾಕಿದ್ದೀನಿ, ನೋಡಿ.

ನಿವೃತ್ತ ಮೇಷ್ಟ್ರು, ಹಾಸನ

ನೋಡಿದೆ. ದಯವಿಟ್ಟು ಅಂಟಿಸಬೇಡಿ.

ಹೊಳೆಸಾಲು, ಸಕಲೇಶಪುರ

ಅಂಟಿಸೋದು ಹಾಗಿರಲಿ, ಅಮ್ಮ ತುಂಡು ವಾಪಸ್ ಕೇಳ್ತಿದ್ದಾರೆ. ಎರಡನೇ ಭರಣಿ ಹಾಕಬೇಕಂತೆ. ಫೋಟೋ ತೆಗೆದು ಆಗಿದ್ರೆ ಬುಧವಾರದೊಳಗೆ ಕಳಿಸಿಕೊಡಿ ಸಾರ್.